ಪಾಠಶಾಲೆ ಉಳಿಸಿದ ಕವಿಗಳು

ಸಾಹಿತ್ಯದ ಪರೀಕ್ಷೆಗೆ ಕಟ್ಟುವ ವಿದ್ಯಾರ್ಥಿಯು ಗ್ರೀಕ್ ಮತ್ತು ರೋಮನ್ ಗ್ರಂಥಕರ್ತರ ಪಟ್ಟಿಯನ್ನು ಕಂಡೊಡನೆ ಎದೆಗುಂದುವುದು ಸಹಜ. ಹೋಮರ್, ಸ್ಯಾಫೊ, ಈಸ್ಕಿಲಸ್, ಸಾಫೊಕ್ಲೀಸ್, ಯೂರಿಪಿಡೀಸ್. ಅವರ ಹಿಂದೆಯೇ ವರ್ಜಿಲ್, ಹೊರೇಸ್, ಆವಿಡ್. ಹೆಸರುಗಳು ಅಪರಿಚಿತ; ಕಾಲವೋ ಎರಡು ಸಾವಿರ ವರ್ಷಗಳಷ್ಟು ಹಿಂದಿನದು. ಇಂಥ ಮಹಾಕವಿಗಳನ್ನು ಅಂಕಗಳಿಗಾಗಿ ಓದುವುದು ಅವರಿಗೆ ಎಸಗುವ ಅಪಚಾರವಲ್ಲವೆ ಎಂದು ರಸಿಕರು ಆಕ್ಷೇಪಿಸುವುದೂ ಉಂಟು. ಈ ಆಕ್ಷೇಪಣೆಯನ್ನು ನಾವು ಈ ಹೊತ್ತು ತುಸು ವಿಚಾರಮಾಡೋಣ.

ಲ್ಯಾಟಿನ್ ಸಾಹಿತ್ಯದ ಹೆಬ್ಬಾಗಿಲಿನಲ್ಲಿಯೇ ನಮಗೆ ಎದುರಾಗುವವನು ಒಬ್ಬ ಉಪಾಧ್ಯಾಯ. ಕ್ರಿ. ಪೂ. 240ರಲ್ಲಿ ರೋಮಿನಲ್ಲಿ ಗ್ರೀಕ್ ಮಾದರಿಯ ನಾಟಕವನ್ನು ಆಡಿಸಿದ ಲಿವಿಯಸ್ ಆಂಡ್ರೊನಿಕಸನು ಪಾಠ ಹೇಳುತ್ತಿದ್ದವನು. ಹೋಮರನ ಒಡಿಸ್ಸಿಯನ್ನು ಲ್ಯಾಟಿನ್ನಿಗೆ ತಂದವನೂ ಅವನೇ. ಸುಮಾರು ಇನ್ನೂರು ವರ್ಷಗಳ ಬಳಿಕ ಹೊರೇಸನು ಬಾಲಕನಾಗಿದ್ದಾಗಲೂ ಲಿವಿಯಸನ ಪದ್ಯಗಳೇ ಪಾಠ. ಅವುಗಳನ್ನು ಹೇಳಿ ಬರೆಯಿಸುತ್ತಿದ್ದ ಆರ್ಬಿಲಿಯಸ್ ಎಂಬ ಗುರುವಿನ ಏಟುಗಳನ್ನು ಹೊರೇಸನು ಮುಂದೆ ತನ್ನ ಕಾವ್ಯದಲ್ಲಿಯೇ ನೆನೆದಿದ್ದಾನೆ. ಪಾಠಕ್ಕಾಗಿ ಕಾವ್ಯವನ್ನು ಓದಿಸುವುದು ನಮ್ಮ ಕಾಲದ ಕೇಡಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಇನ್ನು ಗ್ರೀಕ್ ರುದ್ರನಾಟಕಗಳನ್ನು ನೋಡೋಣ. ಸಾಫೊಕ್ಲೀಸನು ಬರೆದ ನಾಟಕಗಳು ಸುಮಾರು 120. ಪೂರ್ಣವಾಗಿ ಉಳಿದಿರುವುವು 7. ಈಸ್ಕಿಲಸನು ಬರೆದುವು 70ಕ್ಕೂ ಮಿಗಿಲು. ಅವನ ಹೆಸರಿನಲ್ಲಿ ಉಳಿದಿರುವುವೂ 7. ಇವು ಪ್ರಾಚೀನ ಶಾಲೆಗಳು ಪಾಠಕ್ಕೆಂದು ಆರಿಸಿಕೊಂಡ ನಾಟಕಗಳೆಂದೂ, ವಿದ್ಯಾರ್ಥಿಗಳಿಗಾಗಿ ಮತ್ತೆ ಮತ್ತೆ ಪ್ರತಿಮಾಡಿದುದರಿಂದಲೇ ಉಳಿದುವೆಂದೂ ವಿದ್ವಾಂಸರು ಬಹುಮಟ್ಟಿಗೆ ಅಭಿಪ್ರಾಯಪಡುತ್ತಾರೆ. ಯೂರಿಪಿಡೀಸನ ಭಾಗ್ಯವೇ ಬೇರೆ. ಶಾಲೆಯ ಆಯ್ಕೆಯ ಜೊತೆಗೆ, ಅಕ್ಷರಾನುಕ್ರಮದಲ್ಲಿ ಜೋಡಿಸಿದ್ದ ಅವನ ಸಮಗ್ರ ಕೃತಿಗಳ ಒಂದು ಭಾಗವೂ ಆಕಸ್ಮಿಕವಾಗಿ ಉಳಿದುಬಂದಿತು. ಆದಕಾರಣ ಅವನ ಹೆಸರಿನಲ್ಲಿ 19 ನಾಟಕಗಳಿವೆ.

ಪಾಠದಿಂದ ಜಾರಿದವರ ಗತಿಯೇನಾಯಿತು? ನೂರಕ್ಕೂ ಹೆಚ್ಚು ಹರ್ಷನಾಟಕಗಳನ್ನು ಬರೆದ ಮಿನ್ಯಾಂಡರನನ್ನು ಪ್ರಾಚೀನರು ತಲೆಯಮೇಲೆ ಹೊತ್ತು ಮೆರೆಸಿದರು. ಮಧ್ಯಯುಗದಲ್ಲಿ ಅವನನ್ನು ಪ್ರತಿಮಾಡುವವರಿಲ್ಲವಾಯಿತು. ಅವನ ನಾಟಕವೊಂದು ಬಹುಮಟ್ಟಿಗೆ ಪೂರ್ಣವಾಗಿ ಈಜಿಪ್ಟಿನ ಪಪೈರಸ್ ಹಾಳೆಗಳಲ್ಲಿ ದೊರೆತು ಅಚ್ಚಾದುದು 1950ರ ದಶಕದ ಕೊನೆಯಲ್ಲಿ. ಸ್ಯಾಫೊ ಕವಯಿತ್ರಿಯ ಕವಿತೆಗಳು ಅಲೆಕ್ಸಾಂಡ್ರಿಯದಲ್ಲಿ ಹಲವು ಸಂಪುಟಗಳಷ್ಟಿದ್ದುವು; ಇಂದು ನಿಸ್ಸಂದೇಹವಾಗಿ ಪೂರ್ಣವೆನ್ನಬಹುದಾದುದು ಒಂದೇ. ಆಕ್ಸಿರಿಂಕಸ್ ಎಂಬ ಊರಿನ ಕಸದ ದಿಬ್ಬಗಳನ್ನು 1896ರಿಂದ ಅಗೆದಾಗ ದೊರೆತ ಚೂರುಗಳಿಗೆ ವಿದ್ವಾಂಸರು ಹಿಗ್ಗಿದರೆಂದರೆ, ಕಳೆದುಹೋದುದರ ಬೆಲೆಯನ್ನು ನಾವು ಊಹಿಸಿಕೊಳ್ಳಬಹುದು.

ಹಾಗಾದರೆ ಓದುವ ಬಗೆ ಹೇಗೆ? ಕ್ರಿ. ಶ. ಒಂದನೆಯ ಶತಮಾನದ ಕೊನೆಯಲ್ಲಿ ಕ್ವಿಂಟಿಲಿಯನ್ ಎಂಬ ರೋಮನ್ ಆಚಾರ್ಯನು ವಾಗ್ಮಿಗಳ ಶಿಕ್ಷಣವನ್ನು ಕುರಿತ ತನ್ನ ಗ್ರಂಥದ ಹತ್ತನೆಯ ಭಾಗದಲ್ಲಿ ಒಂದು ದಾರಿ ತೋರಿಸಿದ್ದಾನೆ. ಅವನು ಗ್ರಂಥಕರ್ತರನ್ನು ಜೋಡಿಜೋಡಿಯಾಗಿ ತೂಗುತ್ತಾನೆ: ಹೋಮರನಿಗೆ ವರ್ಜಿಲ್, ಡೆಮಾಸ್ತನೀಸನಿಗೆ ಸಿಸೆರೊ, ಥ್ಯುಸಿಡಿಡೀಸನಿಗೆ ಸ್ಯಾಲಸ್ಟ್, ಹಿರಾಡಟಸನಿಗೆ ಲಿವಿ. ಹೀಗೆ ಓದಿದರೆ ಪಟ್ಟಿಯು ಸಂವಾದವಾಗುತ್ತದೆ. ಹೋಮರನ ಅಕಿಲೀಸನು ತನ್ನ ಮಾನಕ್ಕಾಗಿ ಮುನಿದು ಯುದ್ಧದಿಂದ ಹಿಂಜರಿಯುತ್ತಾನೆ. ವರ್ಜಿಲನ ಈನಿಯಾಸನು ಉರಿಯುವ ನಗರದಿಂದ ಮುದಿತಂದೆಯನ್ನು ಹೆಗಲಮೇಲೆ ಹೊತ್ತು ಹೊರಡುತ್ತಾನೆ. ಈ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿ ಇಟ್ಟುಕೊಂಡ ವಿದ್ಯಾರ್ಥಿಗೆ ಗ್ರೀಕ್ ವೀರಕ್ಕೂ ರೋಮನ್ ಕರ್ತವ್ಯಕ್ಕೂ ಇರುವ ಅಂತರವನ್ನು ಬಾಯಿಪಾಠಮಾಡುವ ಅವಶ್ಯಕತೆ ಇರದು.

ಎರಡನೆಯದಾಗಿ, ಒಂದು ಕೃತಿಯನ್ನಾದರೂ ಆಮೂಲಾಗ್ರವಾಗಿ ಓದಬೇಕು. ಪರ್ಷಿಯನರ ನೌಕಾಸೈನ್ಯವು ಸಲಾಮಿಸಿನಲ್ಲಿ ಸೋತುದು ಕ್ರಿ. ಪೂ. 480ರಲ್ಲಿ. ಎಂಟೇ ವರ್ಷಗಳಾದ ಮೇಲೆ ಈಸ್ಕಿಲಸನು ಆ ಕಥೆಯನ್ನು ಅಥೆನ್ಸಿನ ರಂಗಕ್ಕೆ ತಂದನು. ತಾನೇ ಮ್ಯಾರಥಾನಿನಲ್ಲಿ ಕಾದಾಡಿದ್ದವನು, ಗೆದ್ದವರ ಜಯಘೋಷವನ್ನು ಬರೆಯಲಿಲ್ಲ. ಶತ್ರುವಿನ ರಾಜಧಾನಿಯಲ್ಲಿ ಮಗನಿಗಾಗಿ ತಲ್ಲಣಿಸುವ ರಾಜಮಾತೆಯನ್ನು ನಿಲ್ಲಿಸಿದನು. ರಂಗದ ಮೇಲೆ ಒಬ್ಬ ಗ್ರೀಕನೂ ಬರುವುದಿಲ್ಲ. ಇದನ್ನೇ ಬಿ. ಎಂ. ಶ್ರೀಕಂಠಯ್ಯನವರು 1935ರಲ್ಲಿ 'ಪಾರಸಿಕರು' ಎಂದು ಕನ್ನಡಕ್ಕೆ ತಂದರು. ಸಾಫೊಕ್ಲೀಸನ ಏಜಾಕ್ಸನು ಅವರ ಕೈಯಲ್ಲಿ ಅದಕ್ಕೂ ಮೊದಲೇ 'ಅಶ್ವತ್ಥಾಮನ್' ಆಗಿದ್ದನು. ಗ್ರೀಕ್ ಬಾರದ ಕನ್ನಡಿಗನಿಗೂ ಬಾಗಿಲು ತೆರೆದಿದೆ.

ಆದುದರಿಂದ ಪರೀಕ್ಷೆಗೆ ಓದುವವನು ನಾಚಬೇಕಾದುದಿಲ್ಲ. ಹೆಸರೂ ಊರೂ ಉಳಿಯದ ಅವನಂಥ ಸಾವಿರಾರು ವಿದ್ಯಾರ್ಥಿಗಳೇ ಈ ಕೃತಿಗಳನ್ನು ಕೈಯಿಂದ ಕೈಗೆ ದಾಟಿಸಿದರು. ಹೊಣೆ ಹೆಚ್ಚಾಗಿರುವುದು ಪಠ್ಯಗಳನ್ನು ಗೊತ್ತುಮಾಡುವವರ ಮೇಲೆ. ಯಾವುದನ್ನು ಸೇರಿಸಿದೆವೆಂಬುದರಷ್ಟೇ ಯಾವುದನ್ನು ಕೈಬಿಟ್ಟೆವೆಂಬುದನ್ನೂ ಅವರು ಯೋಚಿಸಬೇಕಾಗಿದೆ. ಸ್ಯಾಫೊವನ್ನು ಕೈಬಿಟ್ಟವರು ಆಕೆಯನ್ನು ಅಳಿಸಬೇಕೆಂದು ಬಯಸಿದ್ದರೆಂದು ನಾವು ತಿಳಿಯಬೇಕಾಗಿಲ್ಲ. ಪಾಠ ಹೇಳುವುದನ್ನು ನಿಲ್ಲಿಸಿದರು, ಅಷ್ಟೆ.