ಹಿರಿಯರಿರುವ ಮನೆಗೆ ಕಾವಲು

(ರಾಜ್ಯೋತ್ಸವದ ಅಂಗವಾಗಿ ನಡೆದ ಕುಟುಂಬ ಸಮ್ಮೇಳನದಲ್ಲಿ ಮಾಡಿದ ಭಾಷಣ)



ನವೆಂಬರ್ ಒಂದನೆಯ ತಾರೀಖು ನಮ್ಮಂಥವರಿಗೆ ಎರಡು ಹಬ್ಬಗಳ ದಿನ. ೧೯೫೬ರಲ್ಲಿ ಅದೇ ದಿನ ಕನ್ನಡ ನಾಡು ಒಂದಾಯಿತು. ಅದೇ ದಿನ ಕೇರಳ ರಾಜ್ಯವೂ ಹುಟ್ಟಿತು. ಹುಟ್ಟಿದ ನಾಡಿಗೂ ಅನ್ನ ಕೊಡುವ ನಾಡಿಗೂ ಒಂದೇ ಜನ್ಮದಿನವಾಗಿರುವ ಭಾಗ್ಯ ಹೊರನಾಡ ಕನ್ನಡಿಗರಲ್ಲಿ ಎಷ್ಟು ಜನಕ್ಕೆ ಇದೆ? ಕೊಚ್ಚಿಯಲ್ಲಾಗಲಿ ತಿರುವನಂತಪುರದಲ್ಲಾಗಲಿ ನಾವು ಈ ದಿನ ಒಂದೇ ಮನೆಯಲ್ಲಿ ಒಬ್ಬಟ್ಟನ್ನೂ ಪಾಯಸವನ್ನೂ ಉಣ್ಣುವವರು.

ನಾಡುನುಡಿಗಳ ಹಿರಿಮೆಯನ್ನು ಕುರಿತು ಹೇಳಲು ಬಲ್ಲವರು ಈ ವೇದಿಕೆಯಲ್ಲಿದ್ದಾರೆ. ನಮಗೆ ಕಾರ್ಯದರ್ಶಿಗಳು ಒಪ್ಪಿಸಿರುವುದು ಮನೆವಾರ್ತೆಯ ವಿಷಯ: ಮನೆಯಲ್ಲಿರುವ ಹಿರಿಯರನ್ನು ಕಳ್ಳರಿಂದಲೂ ಮೋಸಗಾರರಿಂದಲೂ ಕಾಪಾಡುವುದು ಹೇಗೆ ಎಂಬುದು. ನಾವು ಪೊಲೀಸರೂ ಅಲ್ಲ, ವಕೀಲರೂ ಅಲ್ಲ. ಆದರೆ ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಬಳಗದಲ್ಲೇ ಕಂಡದ್ದು ಕೇಳಿದ್ದು ಸಾಕಷ್ಟಿದೆ. ಅದನ್ನು ಮುಚ್ಚಿಡದೆ ಹೇಳಿದರೆ ನಾಲ್ಕು ಮನೆಗಳಿಗೆ ಉಪಕಾರವಾದೀತೆಂದು ಒಪ್ಪಿಕೊಂಡೆವು.

ಮೊದಲು ನಮ್ಮ ಮನೆಗಳ ಸ್ಥಿತಿಯನ್ನು ನೋಡೋಣ. ಹೋಟೆಲು ಇಡಲು ಉಡುಪಿಯ ಕಡೆಯಿಂದ ಬಂದವರು, ಬ್ಯಾಂಕಿನ ವರ್ಗಾವಣೆಯಲ್ಲಿ ಬಂದು ಇಲ್ಲೇ ನೆಲೆಸಿದವರು, ತುಂಬಾದ ಬಾಹ್ಯಾಕಾಶ ಕೇಂದ್ರಕ್ಕೆ ಬಂದವರು — ಇವರೆಲ್ಲ ಈಗ ಅಜ್ಜ ಅಜ್ಜಿಯರು. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದಾರೆ. ಇನ್ನು ಕೆಲವು ಮನೆಗಳಲ್ಲಿ, ಮಗ ಸೊಸೆ ಕಾಕ್ಕನಾಡಿನ ಇನ್ಫೋಪಾರ್ಕಿಗೋ ಕಳಕ್ಕೂಟದ ಟೆಕ್ನೋಪಾರ್ಕಿಗೋ ಹೊರಟ ಮೇಲೆ, ಊರಿನಿಂದ ಕರೆತಂದ ತಾಯಿ ಹಗಲೆಲ್ಲ ಒಬ್ಬರೇ. ಅವರಿಗೆ ಮಲಯಾಳ ಅರ್ಧ ಬರುತ್ತದೆ, ಹಿಂದಿ ಬರುವುದಿಲ್ಲ. ಇದು ನಮ್ಮ ಮನೆಗಳ ಮಾತು ಮಾತ್ರವಲ್ಲ. ೨೦೧೧ರ ಜನಗಣತಿಯಲ್ಲಿ ಅರವತ್ತು ದಾಟಿದವರ ಪ್ರಮಾಣ ಎಲ್ಲಕ್ಕಿಂತ ಹೆಚ್ಚಾಗಿ ಕಂಡ ರಾಜ್ಯ ಕೇರಳವೇ. ನೂರಕ್ಕೆ ಹನ್ನೆರಡಕ್ಕೂ ಮಿಕ್ಕು. ಕಳ್ಳನಿಗೆ ಈ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತು.

ಹಳೆಯ ಕಳ್ಳ ಹಿಂಬಾಗಿಲಿನಿಂದ ಬರುತ್ತಾನೆ. ೨೦೨೪ರ ನವೆಂಬರಿನಲ್ಲಿ ಆಲಪ್ಪುಳದ ಕಡೆ ರಾತ್ರಿ ಹೊತ್ತು ಅಡಿಗೆಮನೆಯ ಬಾಗಿಲನ್ನು ಮುರಿದು ನುಗ್ಗುವ ತಂಡವೊಂದರ ಭಯ ಹಬ್ಬಿತ್ತು. ಅದಕ್ಕೆ ಸೇರಿದವನೆಂದು ಪೊಲೀಸರು ಒಬ್ಬನನ್ನು ಹಿಡಿದದ್ದು ನಮ್ಮ ಕೊಚ್ಚಿಯ ಕುಂಡನ್ನೂರಿನಲ್ಲೇ. ನಾವು ಮುಂಬಾಗಿಲಿಗೆ ತೇಗದ ಹಲಗೆ, ಹಿತ್ತಾಳೆಯ ಚಿಲಕ ಹಾಕಿಸುತ್ತೇವೆ. ಅಡಿಗೆಮನೆಯ ಬಾಗಿಲಿಗೆ ತೆಳುವಾದ ಹಲಗೆಯೂ ಒಂದು ಸಣ್ಣ ಚಿಲಕವೂ ಸಾಕೆನ್ನುತ್ತೇವೆ. ಹಿತ್ತಲಿನಲ್ಲಿ ಹಾರೆ, ಪಿಕಾಸಿ, ಏಣಿ ಬಿದ್ದಿರುತ್ತವೆ. ಕಳ್ಳ ಆಯುಧ ತರಬೇಕಾಗಿಲ್ಲ. ಆದ್ದರಿಂದ ಮೊದಲ ಕೆಲಸ, ಹಿಂಬಾಗಿಲಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ. ಎರಡನೆಯದು, ಹಾರೆ ಏಣಿಗಳನ್ನು ಒಳಗಿಟ್ಟು ಬೀಗ. ರಾತ್ರಿ ಹೊರಗಿನ ನಲ್ಲಿಯಲ್ಲಿ ನೀರು ಬೀಳುವ ಸದ್ದು ಕೇಳಿದರೆ ಒಬ್ಬರೇ ಬಾಗಿಲು ತೆರೆಯಬಾರದು; ಒಳಗಿನಿಂದಲೇ ದೀಪ ಹಾಕಿ ನೆರೆಯವರಿಗೆ ಫೋನು ಮಾಡಬೇಕು, ಅಥವಾ ೧೧೨ಕ್ಕೆ ಕರೆ ಮಾಡಬೇಕು.

ರಜೆಯಲ್ಲಿ ಊರಿಗೆ ಹೊರಟಾಗ ಅಂಗಳದ ದೀಪವನ್ನು ಹಗಲೂ ಉರಿಯಬಿಡುವುದು, ಕಾಗದ ಪತ್ರಿಕೆಗಳು ಗೇಟಿನಲ್ಲಿ ಗುಡ್ಡೆ ಬೀಳುವುದು, ಬೀಗದ ಕೈ ತುಳಸಿಕಟ್ಟೆಯ ಮೂಲೆಯಲ್ಲಿಡುವುದು — ಇವೆಲ್ಲ ಕಳ್ಳನಿಗೆ ಕಳುಹಿಸಿದ ಆಮಂತ್ರಣ. ಕೇರಳ ಪೊಲೀಸರ ಪೋಲ್ ಆಪ್ ಎಂಬುದರಲ್ಲಿ, ಮನೆಗೆ ಬೀಗ ಹಾಕಿ ಹೋಗುತ್ತೇವೆಂದು ಮುಂಚಿತವಾಗಿ ತಿಳಿಸುವ ಅನುಕೂಲವಿದೆ. ಹದಿನಾಲ್ಕು ದಿನಗಳವರೆಗೆ ಅವರು ಮನೆಯ ಮೇಲೆ ಕಣ್ಣಿಡುತ್ತಾರೆ. ಇದಕ್ಕೆ ಕಾಸು ಖರ್ಚಿಲ್ಲ.

ಹಗಲಿನಲ್ಲಿ ಬರುವವನು ನಯವಂತ. ಚಿನ್ನಕ್ಕೆ ಮೆರುಗು ಕೊಡುತ್ತೇನೆಂದು ಬಂದು, ಸರವನ್ನು ತನ್ನ ದ್ರಾವಣದಲ್ಲಿ ಅದ್ದಿ, ಫಳಫಳ ಹೊಳೆಯುವಂತೆ ಮಾಡಿ ಹಿಂದಿರುಗಿಸುತ್ತಾನೆ. ಆ ದ್ರಾವಣ ಆಮ್ಲರಾಜ; ಚಿನ್ನವನ್ನೇ ಕರಗಿಸುವಂಥದು. ಸರ ಹೊಳೆಯುತ್ತದೆ, ತೂಕ ಮಾತ್ರ ಇಳಿದಿರುತ್ತದೆ. ಗ್ಯಾಸಿನವನು, ನೀರಿನ ಮೀಟರಿನವನು ಎಂದು ಹೇಳಿಕೊಂಡು ಬರುವವರಿಗೂ ಒಂದೇ ಉತ್ತರ: “ಮಗ ಬಂದ ಮೇಲೆ ಬನ್ನಿ.” ನಿಜವಾದವನು ಮತ್ತೆ ಬರುತ್ತಾನೆ, ಸುಳ್ಳನು ಬರುವುದಿಲ್ಲ.

ಹೊಸ ಕಳ್ಳನಿಗಾದರೋ ಬಾಗಿಲೇ ಬೇಡ. ಅವನು ಫೋನಿನಲ್ಲಿ ಬರುತ್ತಾನೆ. ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮ ಆಧಾರಿನ ಮೇಲೆ ಕಳ್ಳಹಣದ ಖಾತೆ ತೆರೆದಿದೆ ಎನ್ನುತ್ತಾನೆ. ವಿಡಿಯೋದಲ್ಲಿ ಖಾಕಿ ತೊಟ್ಟವನು ಕಾಣುತ್ತಾನೆ, ಹಿಂದೆ ಅಶೋಕ ಸ್ತಂಭ. ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದೆ, ಕೋಣೆಯಿಂದ ಕದಲಬೇಡಿ, ಯಾರಿಗೂ ಹೇಳಬೇಡಿ, ಹಣವನ್ನೆಲ್ಲ ಪರಿಶೀಲನೆಗಾಗಿ ಈ ಖಾತೆಗೆ ಹಾಕಿ ಎನ್ನುತ್ತಾನೆ. ಮಹನೀಯರೆ, ಇದರಲ್ಲಿ ಮುಖ್ಯವಾದ ಮಾತು ಯಾವುದು? ಹಣ ಹಾಕಿ ಎಂಬುದಲ್ಲ. ಯಾರಿಗೂ ಹೇಳಬೇಡಿ ಎಂಬುದು. ಕಳ್ಳನ ಕಸುಬೆಲ್ಲ ಆ ಒಂದು ಮಾತಿನ ಮೇಲೆ ನಿಂತಿದೆ.

ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ಫೋನಿನಲ್ಲಿ ಯಾರನ್ನೂ ಬಂಧಿಸಲಾಗುವುದಿಲ್ಲ. ಪೊಲೀಸರು ಹಾಜರಾಗಬೇಕೆಂದು ಕೊಡುವ ನೋಟೀಸನ್ನು ಸಹ ವಾಟ್ಸಾಪಿನಲ್ಲಿ ಕಳುಹಿಸಬಾರದೆಂದು ಸುಪ್ರೀಂ ಕೋರ್ಟು ೨೦೨೫ರ ಜನವರಿಯಲ್ಲಿ ಹೇಳಿತು. ಅದೇ ವರ್ಷ ಅಕ್ಟೋಬರಿನಲ್ಲಿ, ಸುಪ್ರೀಂ ಕೋರ್ಟಿನದೇ ಸುಳ್ಳು ಆಜ್ಞೆ ತೋರಿಸಿ ಮೋಸಗೊಳಿಸಿದ ಬಗ್ಗೆ ಅಂಬಾಲಾದ ವೃದ್ಧ ದಂಪತಿಗಳು ಬರೆದ ಪತ್ರವನ್ನು ನೋಡಿ ಕೋರ್ಟು ತಾನಾಗಿಯೇ ವಿಚಾರಣೆಗೆ ತೆಗೆದುಕೊಂಡಿತು. ಡಿಸೆಂಬರಿನಲ್ಲಿ ಇಂಥ ಪ್ರಕರಣಗಳ ತನಿಖೆಯನ್ನು ಸಿ.ಬಿ.ಐ.ಗೆ ಒಪ್ಪಿಸಿತು.

ಎರಡು ಪ್ರಕರಣಗಳನ್ನು ನಿಮ್ಮ ಮುಂದಿಡುತ್ತೇವೆ. ೨೦೨೪ರ ಡಿಸೆಂಬರಿನಲ್ಲಿ ಚಂಗನಾಶ್ಶೇರಿಯ ವೈದ್ಯರೊಬ್ಬರು ಇಂಥದೇ ಬೆದರಿಕೆಗೆ ಸಿಕ್ಕಿ ಹಣ ಕಳುಹಿಸಿದರು. ಬ್ಯಾಂಕಿನವರಿಗೆ ಅನುಮಾನ ಬಂತು, ಪೊಲೀಸರಿಗೆ ತಿಳಿಸಿದರು, ಪೊಲೀಸರು ಮನೆಗೇ ಹೋದರು. ಹಣದ ಬಹುಪಾಲು ತಡೆಯಲ್ಪಟ್ಟಿತು. ಇನ್ನೊಂದು ನಮ್ಮ ಬೆಳಗಾವಿ ಜಿಲ್ಲೆಯದು. ೨೦೨೫ರ ಮಾರ್ಚಿನಲ್ಲಿ ಖಾನಾಪುರ ತಾಲ್ಲೂಕಿನ ಬೀಡಿ ಗ್ರಾಮದಲ್ಲಿ ಎಂಬತ್ತರ ಆಚೀಚಿನ ವೃದ್ಧ ದಂಪತಿಗಳು ಈ ಮೋಸದಲ್ಲಿ ಐವತ್ತು ಲಕ್ಷಕ್ಕೂ ಮಿಕ್ಕಿ ಕಳೆದುಕೊಂಡು, ಕೊನೆಗೆ ಪ್ರಾಣವನ್ನೂ ಕಳೆದುಕೊಂಡರು. ಒಂದು ಕಡೆ ನಡುವೆ ಒಬ್ಬ ಮೂರನೆಯವನು ಬಂದ. ಇನ್ನೊಂದು ಕಡೆ ಬರುವ ವೇಳೆಗೆ ಎಲ್ಲ ಮುಗಿದಿತ್ತು. ವಿದ್ಯೆಯಾಗಲಿ ವಯಸ್ಸಾಗಲಿ ಇಲ್ಲಿ ಲೆಕ್ಕಕ್ಕೆ ಬರಲಿಲ್ಲ.

ಇನ್ನು ನಮ್ಮ ಬಳಗದ ಮಾತು. ತಿರುವನಂತಪುರದಲ್ಲಿ ನಮಗೆ ಬೇಕಾದ ಹಿರಿಯರೊಬ್ಬರು ಇದ್ದಾರೆ, ಹೆಸರು ಬೇಡ. ಪೆನ್ಶನ್ ನಿಂತುಹೋಗುತ್ತದೆಂದು ಒಬ್ಬನು ಫೋನಿನಲ್ಲಿ ಹೆದರಿಸಿದ. ಆ ತಾಯಿ ಕೇಳಿದ ಸಂಖ್ಯೆಗಳನ್ನೆಲ್ಲ ಹೇಳಿದರು. ಎರಡು ಲಕ್ಷ ಹೋಯಿತು. ಅವರು ಅದನ್ನು ಯಾರಿಗೂ ಹೇಳಲಿಲ್ಲ. ಹನ್ನೊಂದು ದಿನ ಊಟ ಸೇರದೆ, ನಿದ್ದೆಯಿಲ್ಲದೆ ಕಳೆದರು. ಹನ್ನೆರಡನೆಯ ದಿನ ಭಜನೆ ಮುಗಿದ ಮೇಲೆ ನಮ್ಮ ಮನೆಯವರ ಕೈ ಹಿಡಿದುಕೊಂಡು ಅತ್ತರು. ಮಗನಿಗೇಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ ಅವರೆಂದರು: “ಹಿಂದೆ ಒಂದು ಸಲ ಫೋನಿನಲ್ಲಿ ಏನೋ ತಪ್ಪು ಒತ್ತಿದಾಗ ಅವನು, ‘ಅಮ್ಮಾ, ನಿನಗೆ ಎಷ್ಟು ಸಲ ಹೇಳಬೇಕು, ಅದನ್ನು ಮುಟ್ಟಬೇಡ ಅಂತ’ ಎಂದು ರೇಗಿದ್ದ. ಈಗ ಯಾವ ಬಾಯಲ್ಲಿ ಹೇಳಲಿ?”

ಮಗ ಕೆಟ್ಟವನಲ್ಲ. ಕೆಲಸದ ಆಯಾಸದಲ್ಲಿ ಆಡಿದ ಮಾತು. ನಾವೆಲ್ಲರೂ ಆಡುವ ಮಾತೇ. ಆದರೆ ಆ ಒಂದು ಗದರಿಕೆ ಕಳ್ಳನಿಗೆ ಹನ್ನೊಂದು ದಿನಗಳ ಅವಕಾಶ ಕೊಟ್ಟಿತು. ಮೊದಲ ಗಂಟೆಯಲ್ಲಿ ೧೯೩೦ಕ್ಕೆ ಕರೆ ಮಾಡಿದ್ದರೆ ಹಣ ಕೈಬದಲಾಗುವ ಮುನ್ನ ತಡೆಯುವ ಆಸೆಯಾದರೂ ಇರುತ್ತಿತ್ತು. ಆದ್ದರಿಂದ ನಾವು ಹೇಳಬೇಕೆಂದಿರುವುದು ಇಷ್ಟೇ: ಹಿರಿಯರಿಗೆ ನಾವು ಕೊಡಬಹುದಾದ ಗಟ್ಟಿ ಬೀಗವೆಂದರೆ, ಬೈಗುಳಕ್ಕೆ ಹೆದರದೆ ನಮಗೆ ಹೇಳುವ ಧೈರ್ಯ.

ಇದನ್ನು ನಡೆಸುವ ಬಗೆ ಹೇಗೆ? ಈ ನವೆಂಬರ್ ತಿಂಗಳಿನಲ್ಲೇ ಆರಂಭಿಸಬಹುದು. ಪೆನ್ಶನಿನವರು ಜೀವಂತ ಪ್ರಮಾಣಪತ್ರ ಕೊಡುವ ತಿಂಗಳಿದು. ಅದರ ನೆಪದಲ್ಲಿ ಕರೆಗಳು ಬರುವ ತಿಂಗಳೂ ಇದೇ. ಮಗನೋ ಮಗಳೋ ಒಂದು ದಿನ ರಜೆ ಹಾಕಿ ಜೊತೆಯಲ್ಲಿ ಬ್ಯಾಂಕಿಗೆ ಹೋಗಿ ಅದನ್ನು ಮುಗಿಸಿ ಬನ್ನಿ. ಆಗ, “ಪ್ರಮಾಣಪತ್ರ ಬಂದಿಲ್ಲ” ಎಂದು ಯಾರೇ ಹೇಳಿದರೂ ಅಮ್ಮನಿಗೆ ಅದು ಸುಳ್ಳೆಂದು ಗೊತ್ತಿರುತ್ತದೆ. ದೊಡ್ಡ ಹಣ ಇರುವ ಖಾತೆ ಬೇರೆ, ಫೋನಿಗೆ ಜೋಡಿಸಿದ ಸಣ್ಣ ಖಾತೆ ಬೇರೆ ಇರಲಿ.

ಕರೆಂಟು ಈ ರಾತ್ರಿ ಕಡಿಯುತ್ತೇವೆ, ವಾಹನಕ್ಕೆ ದಂಡ ಬಿದ್ದಿದೆ ಎಂದು ಬರುವ ಸಂದೇಶಗಳಲ್ಲಿರುವುದನ್ನು ಒತ್ತಬಾರದು. ದಂಡದ ಚಲನ್ ಎಂದು ಸುಳ್ಳು ಆಪ್ ಕಳುಹಿಸಿ ಖಾತೆಗಳನ್ನು ದೋಚುತ್ತಿದ್ದವರನ್ನು ಕೊಚ್ಚಿಯ ಸೈಬರ್ ಪೊಲೀಸರು ೨೦೨೫ರಲ್ಲಿ ವಾರಾಣಸಿಯವರೆಗೆ ಹೋಗಿ ಹಿಡಿದರು.

ಇನ್ನೊಂದು ಹೊಸ ಮಾಯೆ, ಪರಿಚಿತರ ಮುಖವನ್ನೂ ದನಿಯನ್ನೂ ಯಂತ್ರದಿಂದ ತಯಾರಿಸುವುದು. ೨೦೨೩ರಲ್ಲಿ ಕೋಳಿಕ್ಕೋಡಿನ ನಿವೃತ್ತರೊಬ್ಬರು ವಿಡಿಯೋದಲ್ಲಿ ಹಳೆಯ ಸಹೋದ್ಯೋಗಿಯ ಮುಖ ಕಂಡು ನಂಬಿ ನಲವತ್ತು ಸಾವಿರ ಕಳುಹಿಸಿದರು. ಕೂಡಲೇ ದೂರು ಕೊಟ್ಟದ್ದರಿಂದ ಆ ಹಣವನ್ನು ಪೊಲೀಸರು ಪತ್ತೆ ಹಚ್ಚಿದರು. ಇದಕ್ಕೆ ನಮ್ಮ ಬಳಿ ಒಂದು ಮದ್ದಿದೆ. ಅದು ನಮ್ಮ ಮನೆಮಾತು. ಕನ್ನಡವೋ ತುಳುವೋ ಹವ್ಯಕವೋ ಕೊಂಕಣಿಯೋ, ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆಯನ್ನು ಗೊತ್ತುಮಾಡಿಕೊಳ್ಳಿ. “ಊರಿನ ಮನೆಯ ಕಪ್ಪು ದನದ ಹೆಸರೇನು?” ಎಂದು ಅಜ್ಜಿ ಕೇಳಲಿ. ಮೊಮ್ಮಗನಾದರೆ ನಕ್ಕು ಹೇಳುತ್ತಾನೆ. ಯಂತ್ರ ತಡವರಿಸುತ್ತದೆ.

ಕೊನೆಯದಾಗಿ ನೆರೆಹೊರೆ. ಊರಿನಲ್ಲಿ ಕರೆದರೆ ಓಗೊಡುವ ಮನೆಗಳಿದ್ದುವು. ಇಲ್ಲಿ ನಮ್ಮ ಓಗೊಡುವವರು ಪಕ್ಕದ ಮನೆಯ ಚೇಟ್ಟನ್, ಚೇಚ್ಚಿಯರು. ಅವರ ಫೋನ್ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದು ದೇವರ ಮನೆಯ ಗೋಡೆಗೆ ಅಂಟಿಸಿ. ಜೊತೆಗೆ ೧೧೨, ೧೯೩೦, ಹಿರಿಯರ ಸಹಾಯವಾಣಿ ೧೪೫೬೭. ಕೇರಳದಲ್ಲಿ ೨೦೦೮ರಲ್ಲಿ ಜನಮೈತ್ರಿ ಎಂಬ ಪೊಲೀಸ್ ಯೋಜನೆ ಆರಂಭವಾಯಿತು. ಬೀಟಿನ ಅಧಿಕಾರಿ ಮನೆಮನೆಗೆ ಹೋಗಿ ಜನರ ಪರಿಚಯ ಮಾಡಿಕೊಳ್ಳಬೇಕೆಂಬುದು ಅದರ ಉದ್ದೇಶ. ನಿಮ್ಮ ಠಾಣೆಗೆ ನೀವೇ ಹೋಗಿ, ಈ ವಿಳಾಸದಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆಂದು ತಿಳಿಸಿ. ಹೋಂ ನರ್ಸನ್ನೋ ಕೆಲಸದವರನ್ನೋ ಗೊತ್ತುಮಾಡುವಾಗ ಗುರುತಿನ ಚೀಟಿಯ ಪ್ರತಿ ಪಡೆದಿಡಿ. ಹಾಗೆಂದು ಅವರನ್ನು ಕಳ್ಳರಂತೆ ಕಾಣಬೇಡಿ. ಎಷ್ಟೋ ಮನೆಗಳಲ್ಲಿ ಅಜ್ಜನ ಮುಖ ಬಾಡಿದ್ದನ್ನು ಮೊದಲು ಗುರುತಿಸುವವರು ಅವರೇ.

ನಮ್ಮ ಸಂಘದ ಮುಂದೆ ಒಂದು ಬಿನ್ನಹ. ಒಂಟಿಯಾಗಿರುವ ಒಬ್ಬೊಬ್ಬ ಹಿರಿಯರಿಗೆ ಒಂದೊಂದು ಕುಟುಂಬ ಜೊತೆಯಾಗಲಿ. ಭಾನುವಾರ ಒಂದು ಕರೆ, ತಿಂಗಳಿಗೊಮ್ಮೆ ಒಂದು ಭೇಟಿ. ಕರೆ ಮಾಡಿದಾಗ ಉಪದೇಶ ಬೇಡ; “ಅಜ್ಜೀ, ಈ ವಾರ ಯಾರು ಯಾರು ಫೋನು ಮಾಡಿದ್ದರು?” ಎಂದು ಕೇಳಿದರೆ ಸಾಕು. ಯುವಕರಿಗೆ ಇದು ಕನ್ನಡ ಮಾತನಾಡಲು ಸಿಗುವ ಹತ್ತು ನಿಮಿಷವೂ ಆಗುತ್ತದೆ.

ಹಿರಿಯರೆ, ನಿಮಗೂ ಒಂದು ಮಾತು. ಮೋಸ ಹೋದದ್ದು ನಿಮ್ಮ ತಪ್ಪಲ್ಲ, ಮೋಸ ಮಾಡಿದವನದು. ನ್ಯಾಯಾಲಯದ ಪತ್ರವನ್ನೇ ಸೃಷ್ಟಿಸಬಲ್ಲವನ ಎದುರು ಯಾರೂ ಎಡವಬಹುದು. ಹಣ ಹೋದರೆ ಹೋಗಲಿ. ಆ ಕ್ಷಣವೇ ಹೇಳಿಬಿಡಿ. ಕಿರಿಯರೆ, ಅವರು ಹೇಳಿದಾಗ ಮೊದಲು ಬಾಯಿಂದ ಬರಬೇಕಾದ ಮಾತು, “ಯಾಕೆ ಹಾಗೆ ಮಾಡಿದಿರಿ?” ಎಂಬುದಲ್ಲ, “ಹೇಳಿದ್ದು ಒಳ್ಳೆಯದಾಯಿತು” ಎಂಬುದು. ಈ ರಾತ್ರಿ ಮನೆಗೆ ಹೋಗಿ ಹಿಂಬಾಗಿಲಿನ ಚಿಲಕವನ್ನು ನೋಡಿರಿ. ಆಮೇಲೆ ಅಮ್ಮನ ಪಕ್ಕದಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಿರಿ.