ಹಾಲ್ಡೆ ಬೆಟ್ಟದ ಕಾವಲು

ನಾರ್ವೆಯ ಉತ್ತರ ಭಾಗದಲ್ಲಿ ಆಲ್ಟಾ ಎಂಬ ಊರಿದೆ. ಚಳಿಗಾಲದಲ್ಲಿ ಅಲ್ಲಿ ವಾರಗಟ್ಟಲೆ ಸೂರ್ಯ ಮೂಡುವುದಿಲ್ಲ. ಆ ದೀರ್ಘ ಇರುಳಿನಲ್ಲಿ, ಮೋಡವಿಲ್ಲದ ಹೊತ್ತು, ಬಾನಿನಲ್ಲಿ ಮಸುಕಾದ ಹಸಿರು ಗೆರೆಯೊಂದು ಕಾಣಿಸಿಕೊಳ್ಳುತ್ತದೆ. ನೋಡನೋಡುತ್ತಲೇ ಅದು ಗಾಳಿಗೆ ಸಿಕ್ಕ ಪರದೆಯಂತೆ ಮಡಿಕೆ ಮಡಿಕೆಯಾಗಿ ಅಲೆಯತೊಡಗುತ್ತದೆ. ಇದೇ ಉತ್ತರ ಧ್ರುವಪ್ರಭೆ. ಅದರ ಕೆಳಗೆ ಶಿಳ್ಳೆ ಹಾಕಬಾರದೆಂದು ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಹಿರಿಯರು ಮಕ್ಕಳನ್ನು ಎಚ್ಚರಿಸುತ್ತಿದ್ದರು. ಬೆರಗು, ಭಯ ಎರಡನ್ನೂ ಹುಟ್ಟಿಸುವ ಬೆಳಕು ಅದು.

1899ರಲ್ಲಿ ಕ್ರಿಸ್ಟಿಯನ್ ಬಿರ್ಕೆಲ್ಯಾಂಡ್ ಎಂಬ ವಿಜ್ಞಾನಿ ಆಲ್ಟಾ ಬಳಿಯ ಹಾಲ್ಡೆ ಬೆಟ್ಟದ ಮೇಲೆ ವೀಕ್ಷಣಾಲಯ ಕಟ್ಟಿಸಿ, ಜೊತೆಗಾರರೊಂದಿಗೆ ಇಡೀ ಚಳಿಗಾಲ ಅಲ್ಲೇ ತಂಗಿದರು. ಹಿಮಗಾಳಿಯ ನಡುವೆಯೂ ಬೆಳಕಿನ ಚಲನೆಯನ್ನು, ಕಾಂತಸೂಚಿಯ ಅಲುಗಾಟವನ್ನು ದಾಖಲಿಸಿದರು. ಹಿಮಕುಸಿತಕ್ಕೆ ಒಬ್ಬ ಸಂಗಾತಿ ಬಲಿಯಾದರು. ಮುಂದೆ ಪ್ರಯೋಗಾಲಯದಲ್ಲಿ ಬಿರ್ಕೆಲ್ಯಾಂಡ್ ನಿರ್ವಾತ ಪೆಟ್ಟಿಗೆಯೊಳಗೆ ಕಾಂತೀಯ ಗೋಲವನ್ನಿಟ್ಟು, ಅದರ ಮೇಲೆ ಎಲೆಕ್ಟ್ರಾನುಗಳನ್ನು ಹಾಯಿಸಿದರು. ಗೋಲದ ಎರಡೂ ಧ್ರುವಗಳ ಸುತ್ತ ಬೆಳಕಿನ ಬಳೆ ಮೂಡಿತು.

ಸೂರ್ಯನಿಂದ ಹೊಮ್ಮುವ ವಿದ್ಯುತ್ ಕಣಗಳನ್ನು ಭೂಮಿಯ ಕಾಂತಶಕ್ತಿ ಧ್ರುವಗಳತ್ತ ತಿರುಗಿಸುತ್ತದೆ, ಅಲ್ಲಿ ಭಾರಿ ವಿದ್ಯುತ್ ಪ್ರವಾಹಗಳು ಆಕಾಶದಿಂದ ಇಳಿಯುತ್ತವೆ ಎಂದು ಅವರು ವಾದಿಸಿದರು. ದೊಡ್ಡ ದೊಡ್ಡ ವಿದ್ವಾಂಸರು ಒಪ್ಪಲಿಲ್ಲ. 1917ರಲ್ಲಿ, ಐವತ್ತು ತುಂಬುವ ಮೊದಲೇ, ಬಿರ್ಕೆಲ್ಯಾಂಡ್ ದೂರದ ಟೋಕಿಯೊದಲ್ಲಿ ತೀರಿಕೊಂಡರು. 1960ರ ದಶಕದಲ್ಲಿ ಉಪಗ್ರಹಗಳು ಆ ಪ್ರವಾಹಗಳನ್ನು ಅಳೆದವು. ಇಂದು ಅವಕ್ಕೆ ಅವರದೇ ಹೆಸರು. ಆಮ್ಲಜನಕದ ಪರಮಾಣುಗಳು ಸುಮಾರು ನೂರು ಕಿಲೋಮೀಟರ್ ಎತ್ತರದಲ್ಲಿ ಹಸಿರಾಗಿ, ಇನ್ನೂ ಮೇಲೆ ಕೆಂಪಾಗಿ ಬೆಳಗುತ್ತವೆ ಎಂಬುದೂ ಈಗ ನಮಗೆ ಗೊತ್ತು.

ಈ ನೋಟದ ಪರಂಪರೆಯಲ್ಲಿ ನಮ್ಮವರೂ ಇದ್ದಾರೆ. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿದ್ದು ಸೂರ್ಯನನ್ನು ಗಮನಿಸುತ್ತಿರುವ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣ ರೂಪುಗೊಂಡದ್ದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯಲ್ಲಿ. 2024ರ ಮೇ ತಿಂಗಳ ಸೌರ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯ ಬಾನು ಕೆಂಪೇರಿದ್ದನ್ನು ಸೆರೆಹಿಡಿದದ್ದೂ ಅದೇ ಸಂಸ್ಥೆಯ ಕ್ಯಾಮೆರಾಗಳು.

ಬೆರಗು ಬಹಳ ಜನಕ್ಕೆ ಆಗುತ್ತದೆ. ಬೆರಗಾದ ಮೇಲೂ ಚಳಿಯಲ್ಲಿ ಕೂತು, ಕಂಡದ್ದನ್ನು ಕಂಡ ಹಾಗೆ ಬರೆದಿಡುವವರು ಕೆಲವರು. ಬಿರ್ಕೆಲ್ಯಾಂಡ್ ಅವರ ವಾದವನ್ನು ಲೋಕ ಒಪ್ಪಲು ಅರ್ಧ ಶತಮಾನ ಹಿಡಿಯಿತು. ಒಪ್ಪಲು ಸಾಧ್ಯವಾದದ್ದು ಉಪಗ್ರಹಗಳ ಅಳತೆಯಿಂದ; ಆದರೆ ಆ ವಾದ ಹುಟ್ಟಿದ್ದು ಅವರು ಕಾದು, ಅಳೆದು, ಬರೆದಿಟ್ಟದ್ದರಿಂದ. ಊರಿನ ಮಳೆಯ ಲೆಕ್ಕವಿಡುವ ರೈತನಿಗೂ, ಹಕ್ಕಿಗಳ ಆಗಮನವನ್ನು ಗುರುತಿಸಿಡುವ ವಿದ್ಯಾರ್ಥಿನಿಗೂ ಇದು ಧೈರ್ಯದ ಮಾತು. ಶ್ರದ್ಧೆಯಿಂದ ನೋಡಿ, ಪ್ರಾಮಾಣಿಕವಾಗಿ ಬರೆದಿಡಿ. ಮೆಚ್ಚುಗೆ ಸಿಗಲಿಲ್ಲವೆಂದು ಆ ಕೆಲಸವನ್ನು ನಿಲ್ಲಿಸಬೇಡಿ.