ಎರಡು ಬೇಸಾಯಗಳ ಆಯವ್ಯಯ

ತೋಟಗಾರಿಕೆಯಲ್ಲಿ ಇಂದು ಪದವಿಯನ್ನು ಸ್ವೀಕರಿಸುತ್ತಿರುವ ತರುಣ ಮಿತ್ರರೆ,

ಸಾವಯವ ಬೇಸಾಯ ಮೇಲೋ ರಾಸಾಯನಿಕ ಬೇಸಾಯ ಮೇಲೋ ಎಂಬ ಚರ್ಚೆ ವಿದ್ವಾಂಸರ ಸಭೆಗಳಲ್ಲಿ ಸಿದ್ಧಾಂತದ ಚರ್ಚೆಯಾಗಿರಬಹುದು; ಆದರೆ ಕೋಲಾರದ ಸೀಮೆಯಲ್ಲಿ ಸಾಲ ತಂದು ಟೊಮೆಟೊ ನಾಟಿಮಾಡಿ, ಹಣ್ಣು ತುಂಬಿದ ಬಾಕ್ಸುಗಳನ್ನು ಮಂಡಿಯಲ್ಲಿ ಇಳಿಸಿ, ಹರಾಜಿನ ಕೂಗಿಗೆ ಕಿವಿಗೊಟ್ಟು ನಿಂತಿರುವ ರೈತನಿಗೆ ಅದು ಮೊದಲು ಆಯವ್ಯಯದ ಪ್ರಶ್ನೆ. ಆ ಪ್ರಶ್ನೆಗೆ ಪಕ್ಷಪಾತವಿಲ್ಲದ ಲೆಕ್ಕವನ್ನು ಒದಗಿಸುವುದು ನಿಮ್ಮ ವಿದ್ಯೆಯ ಪ್ರಥಮ ಕರ್ತವ್ಯವೆಂದು ನಾನು ಭಾವಿಸುತ್ತೇನೆ.

2012ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ, ತರಕಾರಿಗಳಲ್ಲಿ ಸಾವಯವದ ಇಳುವರಿ ಸರಾಸರಿ ಶೇಕಡ 33ರಷ್ಟು ಕಡಮೆ. ಕಾಯಿ ಕಟ್ಟುವ ಕಾಲದಲ್ಲಿ ಬೆಳೆ ತ್ವರೆಯಿಂದ ಬೇಡುವ ಸಾರಜನಕವನ್ನು ಕೊಟ್ಟಿಗೆ ಗೊಬ್ಬರ ನಿಧಾನವಾಗಿಯೇ ಬಿಟ್ಟುಕೊಡುವುದು ಇದಕ್ಕೆ ಒಂದು ಮುಖ್ಯ ಕಾರಣ. ಹಾಗಿದ್ದರೂ, ಐದು ಖಂಡಗಳ 55 ಬೆಳೆಗಳನ್ನು ಕುರಿತ 44 ಅಧ್ಯಯನಗಳನ್ನು ಒಟ್ಟುಗೂಡಿಸಿ ಕ್ರೌಡರ್ ಮತ್ತು ರೆಗನೋಲ್ಡ್ ಎಂಬ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಕೂಲಿಯ ವೆಚ್ಚ ಶೇಕಡ 7ರಿಂದ 13ರಷ್ಟು ಹೆಚ್ಚಾದರೂ ಸಾವಯವದ ಲಾಭವೇ ಶೇಕಡ 22ರಿಂದ 35ರಷ್ಟು ಅಧಿಕವೆಂದು ಕಂಡುಬಂದಿತು. ಆ ಲಾಭದ ಆಧಾರವೆಲ್ಲಿದೆ? ಗ್ರಾಹಕನು ಕೊಡುವ ಹೆಚ್ಚಿನ ಬೆಲೆಯಲ್ಲಿ. ಶೇಕಡ 5ರಿಂದ 7ರಷ್ಟು ಬೆಲೆ ಹೆಚ್ಚಿದರೆ ಎರಡು ಬೇಸಾಯಗಳೂ ಸಮಸಮ; ಅದೂ ದೊರೆಯದಿದ್ದರೆ ಸಾವಯವವು ಹಿಂದೆ ಬೀಳುತ್ತದೆ.

ಈ ಹೆಚ್ಚಿನ ಬೆಲೆ ನಮ್ಮ ರೈತನ ಕೈಸೇರುವ ದಾರಿ ಕಠಿನವಾದುದು. ರಾಷ್ಟ್ರೀಯ ನಿಯಮಗಳಂತೆ, ಸಾವಯವವೆಂಬ ಪ್ರಮಾಣೀಕರಣ ದೊರೆಯುವ ಮುನ್ನ ವಾರ್ಷಿಕ ಬೆಳೆಗಳ ಭೂಮಿಗೆ ಎರಡು ವರ್ಷಗಳ ಪರಿವರ್ತನೆಯ ಅವಧಿಯುಂಟು. ಇಳುವರಿ ಕುಗ್ಗಿದ ಆ ವರ್ಷಗಳಲ್ಲಿ ಅವನ ಹಣ್ಣಿಗೆ ಸಾಮಾನ್ಯ ಹಣ್ಣಿನ ಧಾರಣೆಯೇ ಗತಿ. ಕರ್ನಾಟಕವು 2004ರಲ್ಲಿಯೇ ಸಾವಯವ ಕೃಷಿನೀತಿಯನ್ನು ಸಾರಿದುದು ಅಭಿಮಾನದ ಸಂಗತಿ. ಆದರೆ ಪರಿವರ್ತನೆಯ ನಷ್ಟವನ್ನು ಬಡವನೊಬ್ಬನೇ ಹೊರುವವರೆಗೆ ಯಾವ ನೀತಿಯೂ ಅವನ ಹೊಲವನ್ನು ಮುಟ್ಟಲಾರದು.

ಇನ್ನು ನಮ್ಮ ಲೆಕ್ಕದ ಪುಸ್ತಕಗಳೂ ಪರಿಪೂರ್ಣವಲ್ಲ. 45 ಕಿಲೋ ಯೂರಿಯಾದ ಚೀಲಕ್ಕೆ ₹242ರ ಮೂಲಬೆಲೆಯನ್ನು ನಿಗದಿಮಾಡಿ, ಮಿಕ್ಕ ವೆಚ್ಚವನ್ನು ಸರ್ಕಾರದ ಬೊಕ್ಕಸ ಭರಿಸುವಾಗ, ಬಾವಿಯ ನೀರಿಗೆ ಇಳಿದ ನೈಟ್ರೇಟನ್ನು ಯಾರೂ ಖರ್ಚಿನಲ್ಲಿ ಬರೆಯದಿರುವಾಗ, ರಾಸಾಯನಿಕ ಬೇಸಾಯವು ವಾಸ್ತವಕ್ಕಿಂತ ಅಗ್ಗವಾಗಿ ತೋರುತ್ತದೆ. ಅಂತೆಯೇ, ಕಳೆ ಕೀಳುವ ಮನೆಯ ಹೆಂಗಸರ ದುಡಿಮೆಯನ್ನೂ ಸ್ವಂತ ದನಗಳ ಸಗಣಿಯನ್ನೂ ಬಿಟ್ಟಿಯೆಂದು ಬಗೆದಾಗ ಸಾವಯವ ಬೇಸಾಯವೂ ಸುಳ್ಳು ಲಾಭವನ್ನು ತೋರಿಸುತ್ತದೆ. ಎರಡನ್ನೂ ಒಂದೇ ಕೊಳಗದಿಂದ ಅಳೆಯುವುದು ನ್ಯಾಯ.

ಮಿತ್ರರೆ, ನೀವು ಹಳ್ಳಿಗೆ ಮತಪ್ರಚಾರಕರಂತೆ ಹೋಗಬೇಡಿ. ಮೊದಲು ಕೊಳ್ಳುವವರನ್ನು ಗೊತ್ತುಮಾಡಿಕೊಂಡು, ಬಳಿಕ ಹೊಲದ ಒಂದು ಭಾಗವನ್ನಷ್ಟೇ ಮಾರ್ಪಡಿಸುವಂತೆ ರೈತನಿಗೆ ಹೇಳಿರಿ. ಹತ್ತು ಮನೆಗಳನ್ನು ಸಂಘವಾಗಿ ಕೂಡಿಸಿ, ಪ್ರಮಾಣೀಕರಣದ ಭಾರವನ್ನು ಹಂಚಿರಿ. ನಷ್ಟ ಬಂದ ವರ್ಷದ ಲೆಕ್ಕವನ್ನು ಲಾಭ ಬಂದ ವರ್ಷದ ಲೆಕ್ಕದಷ್ಟೇ ಶ್ರದ್ಧೆಯಿಂದ ಬರೆದಿಡಿರಿ. ಮಣ್ಣಿನ ಆರೋಗ್ಯವೂ ರೈತನ ಬದುಕೂ ಒಂದನ್ನೊಂದು ಬಲಿಗೊಡದೆ ಬೆಳೆಯುವ ಬೇಸಾಯವನ್ನು ಈ ನಾಡಿನಲ್ಲಿ ನೆಲೆಗೊಳಿಸುವ ಶಕ್ತಿ ನಿಮಗುಂಟೆಂದು ನಂಬಿ, ನಿಮಗೆಲ್ಲರಿಗೂ ಶ್ರೇಯಸ್ಸನ್ನು ಕೋರುತ್ತೇನೆ.